ಸೂತಕವಿಲ್ಲದವನು

ಹೊಂಗಡಹಳ್ಳದ ಆಚೆಗಿನ ನಮ್ಮ ಊರಿನಲ್ಲಿರುವುದು ಹದಿನಾಲ್ಕು ಮನೆ, ಹದಿಮೂರು ಒಂದೇ ವಂಶದವು. ಒಂದು ಮನೆಯಲ್ಲಿ ಸಾವಾದರೆ ಹದಿಮೂರಕ್ಕೂ ಹನ್ನೊಂದು ದಿನ ಸೂತಕ. ಆಗ ಅಮ್ಮನ ಗುಡಿಯಲ್ಲಿ ದೀಪ ಹಚ್ಚುವವನು ಹದಿನಾಲ್ಕನೇ ಮನೆಯ ರವಿಚಂದ್ರ. ಎಸ್ಟೇಟ್ ಕೆಲಸಕ್ಕೆಂದು ತಾಯಿಯ ಸೊಂಟದ ಮೇಲೆ ಕೂತು ಈ ಊರಿಗೆ ಬಂದವನು. ತಾಯಿ ಸತ್ತ ಮೇಲೆ ಅವನಿಗೆ ಹಿಂದೆಮುಂದೆ ಯಾರೂ ಇಲ್ಲ. ಹಾನುಬಾಳಿಗೆ ಜೀಪು ಓಡಿಸುತ್ತಾನೆ. "ಪುಣ್ಯವಂತ, ನಿಂಗೆ ಸೂತಕಾನೇ ಇಲ್ಲ" ಎಂದು ನಾವೆಲ್ಲ ರೇಗಿಸುತ್ತಿದ್ದೆವು. ನಗುತ್ತಿದ್ದ. ಆ ನಗುವನ್ನು ನಾನು ನಂಬಿದ್ದೇ ತಪ್ಪು.

ಸಕಲೇಶಪುರದ ರಕ್ತದಾನ ಶಿಬಿರದಲ್ಲಿ ಯಾರೋ ಹತ್ತಿಕಡ್ಡಿಯಿಂದ ಅವನ ಕೆನ್ನೆಯ ಒಳಗೆ ಒರೆಸಿಕೊಂಡು ಹೋಗಿದ್ದರಂತೆ. ಎರಡು ವರ್ಷದ ಮೇಲೆ ಬೆಂಗಳೂರಿನ ದಾನಿಗಳ ಸಂಸ್ಥೆಯಿಂದ ಶೀಲಾ ಎನ್ನುವವರು ಫೋನ್ ಮಾಡಿದರು. ರಕ್ತದ ಕಾಯಿಲೆಯ ಹನ್ನೆರಡು ವರ್ಷದ ಹುಡುಗಿಗೆ ಇವನ ಕಾಂಡಕೋಶ, ಅಂದರೆ ಹೊಸ ರಕ್ತ ಹುಟ್ಟಿಸುವ ಕಣ, ಹೊಂದುತ್ತದೆ, ಕೊಡುತ್ತೀರಾ ಎಂದು.

"ಬೆನ್ನುಮೂಳೆಗೆ ಸೂಜಿ ಹಾಕ್ತಾರೆ ಕಣೋ. ಆಮೇಲೆ ಜೀಪ್ ಹತ್ತೋಕೂ ಆಗಲ್ಲ" ಎಂದು ನಾನು ದೊಡ್ಡ ಡಾಕ್ಟರನಂತೆ ಹೆದರಿಸಿದೆ.

"ಬೆನ್ನಿಗಲ್ಲ ಗೌಡ್ರೇ, ರಕ್ತ ಕೊಟ್ಟಂಗೇ, ತೋಳಿಂದ. ಆ ಮಗೀನ ಒಡಹುಟ್ಟಿದೋರ್ದೇ ಕೂಡ್ಲಿಲ್ವಂತೆ. ನಂದು ಕೂಡ್ತಂತೆ!"

ಮನೆಯವರ ಒಪ್ಪಿಗೆ ಇದೆಯೇ ಎಂದು ಶೀಲಾ ಕೇಳಿದಾಗ, ಕೇಳಲು ಮನೆಯಲ್ಲಿ ಯಾರೂ ಇಲ್ಲ ಎಂದನಂತೆ. ಐದು ದಿನ ಇಂಜೆಕ್ಷನ್, ಮೈಮೂಳೆಯೆಲ್ಲ ನೋವು. ಕೊನೆಯ ದಿನ ಒಂದು ತೋಳಿನಿಂದ ರಕ್ತ ಎಳೆದು, ಬೇಕಾದ್ದನ್ನು ಯಂತ್ರದಲ್ಲಿ ಬೇರ್ಪಡಿಸಿ, ಉಳಿದದ್ದನ್ನು ಇನ್ನೊಂದು ತೋಳಿಗೆ ಬಿಟ್ಟರು. ಒಬ್ಬನೇ ಹೋಗಿ ಒಬ್ಬನೇ ಬಂದ. ಜೊತೆಗೆ ಹೋಗಬಹುದಿತ್ತು, ನಾನು ಹೋಗಲಿಲ್ಲ.

ಹುಡುಗಿಯ ಹೆಸರು, ಊರು ಹೇಳುವಂತಿಲ್ಲ. ಅದು ಅವರ ನಿಯಮ. ಆದರೂ ತಿಂಗಳಿಗೊಮ್ಮೆ ಶೀಲಾಗೆ ಫೋನ್ ಮಾಡಿ ಹೇಗಿದ್ದಾಳೆ ಎಂದು ಕೇಳುತ್ತಿದ್ದ. ಒಂದು ದಿನ ಜೀಪು ನಿಲ್ಲಿಸಿ ಇಳಿದು ಬಂದು ಹೇಳಿದ: "ಆ ಮಗೀನ ಮೈಯಾಗೆ ಈಗ ಓಡೋದು ನನ್ ರಕ್ತಾನೇ ಅಂತೆ ಗೌಡ್ರೇ. ಗುಂಪೂ ನಂದೇ ಆಗೈತಂತೆ." ಅವನ ಮುಖದಲ್ಲಿ ಅಷ್ಟು ಸಂತೋಷವನ್ನು ನಾನು ಕಂಡಿರಲಿಲ್ಲ.

ಕಳೆದ ಕಾರ್ತೀಕದಲ್ಲಿ ನನ್ನ ದೊಡ್ಡಪ್ಪ ತೀರಿಕೊಂಡರು. ಎಂದಿನಂತೆ ಗುಡಿಯ ಬೀಗದ ಕೈ ಹಿಡಿದು ರವಿಯ ಮನೆಗೆ ಹೋದೆ. ಜಗಲಿಯ ಮೇಲೆ ಕೂತಿದ್ದ. ಒಲೆ ಹಚ್ಚಿರಲಿಲ್ಲ. ಕೈ ಚಾಚಲೂ ಇಲ್ಲ.

"ನಾನು ಮುಟ್ಟಂಗಿಲ್ಲ ಗೌಡ್ರೇ. ನಂಗೂ ಸೂತಕ."

"ನಿಂಗೆ ಯಾರ್ದೋ ಮಾರಾಯ?" ಬಾಯಿ ತಪ್ಪಿ ಬಂದುಬಿಟ್ಟಿತು. ಬಂದ ಮೇಲೆ ನಾಚಿಕೆಯಾಯಿತು.

"ಆ ಮಗು ಹೋಗ್ಬುಡ್ತು. ಕಾಯಿಲೆ ತಿರುಗಿ ಬಂದಿತ್ತಂತೆ. ಶೀಲಾ ಮೇಡಮ್ಮು ಬೆಳಿಗ್ಗೆ ಹೇಳಿದ್ರು. ಇವತ್ತೂ ಹೆಸ್ರು ಹೇಳ್ಲಿಲ್ಲ. ಯಾವತ್ತು ಹೋಯ್ತು ಅಂತ್ಲೂ ಹೇಳ್ಲಿಲ್ಲ." ನನ್ನ ಕಡೆ ತಿರುಗಿ ಕೇಳಿದ, "ಹನ್ನೊಂದು ದಿನ ಎಲ್ಲಿಂದ ಎಣಿಸ್ಲಿ ಗೌಡ್ರೇ?"

ನಾನು ಅವನ ಪಕ್ಕ ಕೂತೆ. "ದೂರದ ಸಾವು ಅಂದ್ರೆ ಸುದ್ದಿ ಕೇಳಿದ ದಿನದಿಂದ ಎಣಿಸೋದು ಕಣೋ."

ಅವನು ಬೆರಳು ಮಡಚಿ ಎಣಿಸತೊಡಗಿದ. ಬೀಗದ ಕೈಯನ್ನು ನಾನು ಜೇಬಿಗೆ ಹಾಕಿಕೊಂಡೆ. ಆ ಹನ್ನೊಂದು ದಿನ ಗುಡಿಯಲ್ಲಿ ದೀಪ ಹಚ್ಚಲು ಊರಿನಲ್ಲಿ ಯಾರೂ ಇರಲಿಲ್ಲ.