ಆಬ್ ಕಟ್ಟಿಸಿದ ಮೂರು ಹಲ್ಲು

ಇಸವಿ 1959. ತಂಗಿ ಫಿಲೊಮಿನಾಳ ಮದುವೆಯ ವರ್ಷವಾದ್ದರಿಂದ ಅಷ್ಟು ಮಾತ್ರ ಖಚಿತ. ಮದುವೆಯ ಮುನ್ನಾದಿನದ ಸಂಜೆ ನಾನು ಕೇಳಿದ್ದು ನಮ್ಮ ಅಜ್ಜ ಊದಿದ ಕಾರ್ನೆಟ್ ಎಂಬ ಹಿತ್ತಾಳೆಯ ತುತ್ತೂರಿಯೋ, ಕೇಳಬೇಕೆಂಬ ಆಸೆಯಿಂದ ನನಗೆ ಹಾಗೆ ಕೇಳಿಸಿತೋ ಎಂಬ ಅನುಮಾನ ಬಹಳ ಕಾಲ ಬಿಡಲಿಲ್ಲ. ಊದಿದ್ದು ಅಜ್ಜನ ಹಿಂದೆ ನಿಂತಿದ್ದ ಲೋರೆನ್ಸ್, ಅಜ್ಜ ಬರೀ ಬೆರಳಾಡಿಸಿದರು ಎಂದು ಚಿಕ್ಕಪ್ಪ ಹೇಳುತ್ತಿದ್ದರು. ನಾನು ಮದ್ರಾಸಿನಲ್ಲಿ ತತ್ತ್ವಶಾಸ್ತ್ರ ಓದಿ ಬಂದವನು. ಸ್ವಂತ ಕಿವಿಯನ್ನೂ ನಂಬದಿರುವುದು ಆಗಲೇ ಅಭ್ಯಾಸವಾಗಿತ್ತು.

ಅಜ್ಜನನ್ನು ನಾವು ಕೊಂಕಣಿಯಲ್ಲಿ ‘ಆಬ್’ ಎನ್ನುತ್ತಿದ್ದೆವು. ಅವರಿಗೆ ಹಗಲು ಹೆಂಚಿನ ಕಾರ್ಖಾನೆ, ಮದುವೆ ಹಬ್ಬಗಳಲ್ಲಿ ಬ್ಯಾಂಡು. ಕಾರ್ಖಾನೆಯಲ್ಲಿ ಕೆಲಸಗಾರರ ಕಾಯಿಲೆ ನಿಧಿಯೊಂದಿತ್ತು. ಈಗಿನವರು ವಿಮೆ ಎನ್ನುವಂಥದ್ದು. ಎಲ್ಲರೂ ತಿಂಗಳು ತಿಂಗಳು ಸ್ವಲ್ಪ ಹಾಕುವುದು, ಬೇಕಾದವರಿಗೆ ಅದರಿಂದ ಚಿಕಿತ್ಸೆ. ಹಲ್ಲಿಗೂ ಅದು ಅನ್ವಯಿಸುತ್ತಿತ್ತು. ಕೆಲಸದಲ್ಲಿದ್ದಷ್ಟು ಕಾಲ ಆಬ್ ವರ್ಷಕ್ಕೊಮ್ಮೆ ತಪ್ಪದೆ ಹಲ್ಲು ತೋರಿಸಿ ಬರುತ್ತಿದ್ದರು. ನಿವೃತ್ತರಾದ ದಿನವೇ ನಿಧಿಯಿಂದಲೂ ಹೊರಗಾದರು. ಆಮೇಲೆ ಎಂಟು ವರ್ಷ ಹಲ್ಲಿನ ಡಾಕ್ಟರರ ಮೆಟ್ಟಿಲು ಹತ್ತಲಿಲ್ಲ. ನೋವಾದರೆ ಲವಂಗ, ಅಷ್ಟೇ. ಮೇಲಿನ ಸಾಲಿನ ಮುಂದಿನ ಮೂರು ಹಲ್ಲು ಒಂದೊಂದಾಗಿ ಹೋದವು. ಹಲ್ಲಿಲ್ಲದೆ ತುಟಿ ನಿಲ್ಲುವುದಿಲ್ಲ. ತುಟಿ ನಿಲ್ಲದಿದ್ದರೆ ಕಾರ್ನೆಟ್ ಊದಲಾಗದು. ಅದನ್ನು ಶಿಷ್ಯ ಲೋರೆನ್ಸನಿಗೆ ಕೊಟ್ಟು ಸುಮ್ಮನಾದರು.

ಫಿಲೊಮಿನಾಳ ಮದುವೆಯ ವರ್ಷದ ಜನವರಿಯಲ್ಲಿ ನಿಧಿಯವರು ನಿವೃತ್ತರನ್ನೂ ಸೇರಿಸಿಕೊಳ್ಳತೊಡಗಿದರು. ಸುದ್ದಿ ಬಂದದ್ದೇ ಅವಳು ಹಟ ಹಿಡಿದಳು: “ಆಬ್, ನನ್ನ ರೋಸಿಗೆ ನೀವೇ ಊದ್ಬೇಕು. ಇಲ್ಲದಿದ್ರೆ ಬ್ಯಾಂಡೇ ಬೇಡ.” ಮದುವೆಯ ಮುನ್ನಾದಿನ ಮದುಮಗಳಿಗೆ ತೆಂಗಿನ ಹಾಲು ಹಚ್ಚಿ ಮೀಯಿಸುವುದೇ ನಮ್ಮ ರೋಸ್.

“ಈ ಪ್ರಾಯದಲ್ಲಿ ಎಂತದು ಹಲ್ಲು? ಗಂಜಿ ಕುಡೀಲಿಕ್ಕಾ?” ಎಂದರು ಆಬ್.

ನಾನು ನನ್ನ ಪಾಂಡಿತ್ಯ ತೋರಿಸಿದೆ. “ಈ ನಿಧಿ ಒಂದು ವರ್ಷ ಬಾಳುದಿಲ್ಲ ಆಬ್. ಹಲ್ಲು ಹಾಳಾದ ಮುದುಕರೇ ಬಂದು ಸೇರ್ತಾರೆ. ಖಂಡಿತ ಮುಚ್ತದೆ.”

ಆಬ್ ಎದ್ದು ಟೊಪ್ಪಿ ಹಾಕಿಕೊಂಡರು. “ಹಾಗಾದ್ರೆ ಮುಚ್ಚುವ ಮೊದಲು ಹೋಗುವ. ನಡಿ ಪುತಾ.”

ಅವರ ಜೊತೆ ಕಾರ್ಖಾನೆಯಲ್ಲಿ ಮಣ್ಣು ಮೆಟ್ಟಿದ ಬಾಬಣ್ಣನೂ ಹಲ್ಲಿನ ಡಾಕ್ಟರರಿದ್ದ ಕಂಕನಾಡಿಯವರೆಗೆ ಬಂದರು. ಆದರೆ ಡಾಕ್ಟರರ ಬಾಗಿಲಲ್ಲೇ ನಿಂತರು. “ನೀನು ಮೊದಲು ಕಟ್ಟಿಸು ಮಾರಾಯ. ಹುರಿಗಡ್ಲೆ ತಿಂದು ತೋರ್ಸು, ಮತ್ತೆ ನಾನು.”

ಹಲ್ಲು ಸಿದ್ಧವಾಗುವಷ್ಟರಲ್ಲಿ ಈಸ್ಟರಿಗೆ ಮೊದಲಿನ ಉಪವಾಸ ಕಾಲ ಶುರುವಾಗಿತ್ತು. ಆ ನಲವತ್ತು ದಿನ ನಮ್ಮಲ್ಲಿ ಮದುವೆಯೂ ಇಲ್ಲ, ವಾದ್ಯವೂ ಇಲ್ಲ. ಡಾಕ್ಟರರು ಹಲ್ಲು ಕೂರಿಸಿ, “ಎಲ್ಲಿ, ಒಮ್ಮೆ ಊದಿ ನೋಡಿ” ಎಂದರು.

“ಈಗ ಊದ್ಲಿಕ್ಕಿಲ್ಲ ಡಾಕ್ಟ್ರೇ. ಈಸ್ಟರ್ ಆಗ್ಬೇಕು.”

“ಮತ್ತೆ ಸರಿ ಉಂಟೋ ಇಲ್ವೋ ಗೊತ್ತಾಗುದು ಯಾವಾಗ?”

“ರೋಸಿನ ದಿನ. ನೀವೂ ಬನ್ನಿ.”

ಡಾಕ್ಟರರು ತಲೆ ಕೆರೆದುಕೊಂಡರು. ಆಬ್ ಮಾತ್ರ ದಿನವೂ ಹೆಬ್ಬೆರಳನ್ನು ತುಟಿಗೊತ್ತಿ, ಹಲ್ಲು ಅಲುಗುತ್ತದೆಯೇ ಎಂದು ನೋಡಿಕೊಳ್ಳುತ್ತಿದ್ದರು. ಊಟದ ನಡುವೆ, ಜಪಸರ ಹಿಡಿದಾಗ ಕೂಡ.

ಈಸ್ಟರ್ ಕಳೆದು ರೋಸಿನ ಸಂಜೆ ಬಂತು. ತೆಂಗಿನ ಹಾಲಿನ ಪಾತ್ರೆ ಹಿಡಿದು ನಾನು ಗುಂಪಿನ ಹಿಂದೆ ಸಿಕ್ಕಿಬಿದ್ದೆ. ಕಂಡದ್ದು ಆಬ್‌ನ ಟೊಪ್ಪಿ ಮಾತ್ರ. ಮೊದಲು ಬರೀ ಗಾಳಿಯ ಸದ್ದು. ಯಾರೋ ಕಿಸಕ್ಕೆಂದರು. ಫಿಲೊಮಿನಾ ತಲೆ ತಗ್ಗಿಸಿದಳು. ಮತ್ತೆ ಗಾಳಿ. ಮೂರನೆಯ ಸಲ ಸ್ವರ ಎದ್ದಿತು ನೋಡಿ! ಅಂಗಳ ತುಂಬಿ, ಚಪ್ಪರ ದಾಟಿ ಹೋಯಿತು. ಹಾಲು ತೊಟ್ಟಿಕ್ಕುತ್ತಿದ್ದಂತೆಯೇ ಮದುಮಗಳು ಎದ್ದು ಕುಣಿದಳು. ಪಾತ್ರೆಯ ಅರ್ಧ ಹಾಲು ನನ್ನ ಅಂಗಿಗೇ ಬಿತ್ತು.

“ಹುರಿಗಡ್ಲೆ ಬೇಡ ಮಾರಾಯ, ಇಷ್ಟು ಸಾಕು,” ಬಾಬಣ್ಣ ಕೂಗಿದರು. “ಸೋಮವಾರ ನಾನೂ ಹೋಗ್ತೇನೆ!”

ಹೋದರು, ಒಬ್ಬರೇ ಅಲ್ಲ. ಕಾರ್ಖಾನೆಯ ಹಳಬರು ಡಾಕ್ಟರರ ಮೆಟ್ಟಿಲ ಮೇಲೆ ಸಾಲಾಗಿ ಕೂತು, ಒಬ್ಬರ ಬಾಯಿ ಒಬ್ಬರು ಇಣುಕಿ ನಗುತ್ತಿದ್ದುದನ್ನು ನಾನೇ ಕಂಡೆ. ನಿಧಿ ಮುಚ್ಚಲಿಲ್ಲ. ಆಬ್ ಬದುಕಿದ್ದಷ್ಟು ಕಾಲವೂ ನಡೆಯಿತು. ಅವರು ವರ್ಷಕ್ಕೊಮ್ಮೆ ಕಂಕನಾಡಿಗೆ ಹೋಗುವುದನ್ನೂ ಬಿಡಲಿಲ್ಲ, ಹೊರಡುವಾಗ ನನ್ನತ್ತ ನೋಡಿ, “ಮುಚ್ಚಿತಾ ಪುತಾ?” ಎಂದು ಕೇಳುತ್ತಿದ್ದರು.

ಅವರು ತೀರಿಕೊಂಡ ಮೇಲೆ, 1966ರಲ್ಲಿ, ಬಂದರಿನಲ್ಲಿ ಲೋರೆನ್ಸ್ ಸಿಕ್ಕಿದ. ತಡೆಯಲಾರದೆ ಕೇಳಿಯೇಬಿಟ್ಟೆ: ಅಂದು ಊದಿದ್ದು ಯಾರು?

ಅವನು ಜೋರಾಗಿ ನಕ್ಕ. “ನಮ್ಮ ಬ್ಯಾಂಡಿನಲ್ಲಿ ಎರಡು ಕಾರ್ನೆಟ್ ಎಲ್ಲಿತ್ತು ಮಾರಾಯ್ರೆ? ಇದ್ದದ್ದು ಒಂದೇ. ಅವರೇ ನನಗೆ ಕೊಟ್ಟದ್ದು. ಅಂದು ಅದು ಅವರ ಕೈಯಲ್ಲೇ ಇತ್ತಲ್ಲ!”

ಇಷ್ಟು ಸರಳ ಸಂಗತಿ ಎಂ.ಎ. ಓದಿದ ತಲೆಗೆ ಏಳು ವರ್ಷ ಹೊಳೆದಿರಲಿಲ್ಲ. ಆದರೂ ಮನೆಗೆ ಬಂದು ರೋಸಿನ ಫೋಟೋ ತೆಗೆದು, ಭೂತಗನ್ನಡಿ ಹಿಡಿದು ನೋಡಿದೆ. ಆಬ್ ಕೆನ್ನೆ ಉಬ್ಬಿಸಿ ಊದುತ್ತಿದ್ದಾರೆ. ಅವರ ಹಿಂದೆ ಲೋರೆನ್ಸನ ಎರಡೂ ಕೈ ಖಾಲಿ. ಅವನು ಚಪ್ಪಾಳೆ ತಟ್ಟುತ್ತಿದ್ದಾನೆ.