ಒಣಗದ ಸಂದುಗಳು

ಯಾರ ಮನೆಗೆ ಹೋದರೂ ಈಗ ನಾನು ಮೊದಲು ವಿಚಾರಿಸಿಕೊಳ್ಳುವುದು ನೆಲವನ್ನು. ಮನೆಯವರು ‘ಬನ್ನಿ, ಕೂತ್ಕೊಳ್ಳಿ’ ಅನ್ನುವಷ್ಟರಲ್ಲಿ ಹಿಮ್ಮಡಿಯಿಂದ ಮೆಲ್ಲಗೆ ಕುಟ್ಟಿ, ಯಾವ ಟೈಲ್ಸಿನ ಅಡಿ ಪೊಳ್ಳಾಗಿದೆ ಎಂದು ಕೇಳಿಸಿಕೊಂಡಿರುತ್ತೇನೆ. ಒಳ್ಳೆಯ ಅಭ್ಯಾಸವಲ್ಲ. ಬಂಗಾರಪೇಟೆಯಲ್ಲಿ ಮನೆ ಕಟ್ಟಿಸಿದ ಮೇಲೆ ಅಂಟಿಕೊಂಡದ್ದು.

ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವವನು. ಎರಡು ಅಕ್ಷರಗಳು ನಡುವೆ ತೆರಪಿಲ್ಲದೆ ಕೂಡಿದರೆ ಸಂಧಿ ಎಂದು ವರ್ಷವರ್ಷವೂ ಹೇಳುತ್ತ ಬಂದವನಿಗೆ, ಟೈಲ್ಸಿನ ಲೋಕದಲ್ಲಿ ವ್ಯಾಕರಣವೇ ತಿರುವುಮುರುವು ಎಂದು ಗೊತ್ತಿರಲಿಲ್ಲ. ಅಲ್ಲಿ ತೆರಪು ಬಿಟ್ಟರೇ ಸಂದು. ಬಿಡದೆ ಒತ್ತಿ ಕೂರಿಸಿದರೆ, ಬಿಸಿಲಿಗೆ ಹಿಗ್ಗಿದ ಟೈಲ್ಸುಗಳಿಗೆ ಹೋಗಲು ಜಾಗವಿಲ್ಲದೆ ಒಂದು ದಿನ ಡೇರೆಯ ಹಾಗೆ ಎದ್ದು ಒಡೆಯುತ್ತವೆ. ಲೋಪ, ಆಗಮ, ಆದೇಶ ಯಾವುದರಲ್ಲೂ ಇದಕ್ಕೆ ಉದಾಹರಣೆಯಿಲ್ಲ.

ಇಷ್ಟನ್ನು ಮೊಬೈಲಿನಲ್ಲಿ ನೋಡಿ ಕಲಿತು ಟೈಲ್ಸ್ ಮೇಸ್ತ್ರಿ ಸೆಲ್ವಂನನ್ನು ಗೋಳು ಹುಯ್ದುಕೊಂಡೆ. ಅವನು ಮುಚ್ಚಿಹೋದ ಚಿನ್ನದ ಗಣಿ ಮೈಸೂರು ಮೈನ್ಸಿನ ಹಳೆಯ ಕಾರ್ಮಿಕರ ಲೈನ್ ಮನೆಗಳಿಂದ ದಿನಾ ಬೈಕಿನಲ್ಲಿ ಬರುತ್ತಿದ್ದ. ಗಾರೆಯನ್ನು ನಾಲ್ಕು ಮೂಲೆಗೆ ಮುದ್ದೆ ಇಟ್ಟು ಟೈಲ್ಸ್ ಕೂರಿಸಬಾರದು, ಅಡಿಯೆಲ್ಲ ಹರಡಬೇಕು ಎಂದೆ. ಬಚ್ಚಲಿನ ನೆಲ ತೂಬಿನ ಕಡೆಗೆ ವಾಲಬೇಕು ಎಂದೆ. ಸಂದು ಮುಚ್ಚುವ ಹಿಟ್ಟು, ಗ್ರೌಟು, ತುಂಬುವ ಮುಂಚೆ ಸಂದಿನ ದೂಳು ತೆಗೆಯಬೇಕು, ತುಂಬಿದ ಮೇಲೆ ಮಾರನೆಯ ದಿನದವರೆಗೆ ನೊಣವೂ ಕೂರಬಾರದು ಎಂದೆ. ಅವನಿಗೆ ಇದೆಲ್ಲ ನನಗಿಂತ ಮೊದಲೇ ಗೊತ್ತಿತ್ತು. ಆದರೂ ‘ಸರಿ ಸಾರ್’ ಅನ್ನುತ್ತಿದ್ದ.

ಅಮ್ಮನಿಗೆ ಟೈಲ್ಸ್ ಅಂದರೆ ಭಯ. ಕ್ಯಾಸಂಬಳ್ಳಿಯಲ್ಲಿ ಸಗಣಿ ಸಾರಿಸಿದ ನೆಲದ ಮೇಲೆ ಬಾಳಿದವಳು. ಅಂಗಡಿಯಲ್ಲಿ ಎಲ್ಲರೂ ಹೊಳಪು ನೋಡುತ್ತಿದ್ದರೆ ಅವಳು ಚಪ್ಪಲಿ ಬಿಟ್ಟು ಒಂದೊಂದರ ಮೇಲೂ ಕಾಲುಜ್ಜಿ ನೋಡಿದಳು. “ಇದು ಬ್ಯಾಡ ಕಣಪ್ಪಾ, ಜಾರ್ತದೆ. ಅಗೋ, ಆ ತರಿ ಇರೋದು ತಕ. ಅದ್ರ ಮ್ಯಾಲಾದ್ರೆ ನಾನು ಓಡಾಡ್ತೀನಿ.” ತರಿಯಾದ ಬೂದು ಟೈಲ್ಸೇ ಬಂತು.

ನಡುಮನೆಯ ಗ್ರೌಟು ತುಂಬಿದ್ದು ಒಂದು ಶನಿವಾರ. ಸೆಲ್ವಂ ಒದ್ದೆ ಸ್ಪಂಜಿನಿಂದ ಅಡ್ಡಡ್ಡ ಒರೆಸುತ್ತ ಹಿಂದೆ ಹಿಂದೆ ಸರಿದು ಬಾಗಿಲು ಮುಟ್ಟಿದ ಮೇಲೆ ನಾನು ಬಾಗಿಲಿಗಡ್ಡ ಹಗ್ಗ ಕಟ್ಟಿದೆ. ಕೈತೊಳೆಯುವಷ್ಟರಲ್ಲಿ ಹೆಂಡತಿ ಪದ್ಮಳ ಫೋನು. ಅಮ್ಮನಿಗೆ ಎದೆನೋವು, ಆಸ್ಪತ್ರೆಗೆ ಸೇರಿಸಿದ್ದೇನೆ ಎಂದಳು. ನಾನು ಹೋಗುವ ಹೊತ್ತಿಗೆ ಮುಗಿದಿತ್ತು.

ಸಂಜೆ ಆಂಬುಲೆನ್ಸು ನಮ್ಮ ಬಾಡಿಗೆ ಮನೆಯ ಮುಂದೆ ನಿಂತಿತು. ಮೆಟ್ಟಿಲ ಮೇಲೆ ಮನೆಯ ಓನರಮ್ಮ ನಿಂತಿದ್ದರು. ಅಮ್ಮನೂ ಅವರೂ ಅದೇ ಮೆಟ್ಟಿಲ ಮೇಲೆ ಕೂತು ಅವರೆಕಾಯಿ ಸುಲಿದವರು. ಆಕೆ ನಿಜವಾಗಿಯೂ ಅಳುತ್ತಿದ್ದರು. ಅಳುತ್ತಲೇ ಕೈಮುಗಿದರು.

“ಮೇಷ್ಟ್ರೇ, ತೆಪ್ಪು ತಿಳ್ಕಾಬ್ಯಾಡಿ. ಮಗಳ ಮದ್ವೆಗೆ ಚಪ್ಪರ ಹಾಕ್ಬೇಕು ಈ ವಾರ. ಒಳಕ್ಕೆ ಮಾತ್ರ ತರಬ್ಯಾಡಿ.”

ಕ್ಯಾಸಂಬಳ್ಳಿಯಲ್ಲಿ ಮಣ್ಣು ಮಾಡಲು ಜಾಗ ಉಳಿದಿತ್ತು, ಮನೆ ಉಳಿದಿರಲಿಲ್ಲ. ಆಂಬುಲೆನ್ಸಿನವನು ಎಂಜಿನ್ ಆರಿಸದೆ ಕೇಳಿದ, “ಎಲ್ಲಿಗೆ ಸಾರ್?” ಒಳಗೆ ಅಮ್ಮನ ಪಕ್ಕ ಕೂತಿದ್ದ ಪದ್ಮ ಕಿಟಕಿಯಿಂದಲೇ ಹೇಳಿದಳು, “ಹೊಸ ಮನೆಗೆ.”

ಸೆಲ್ವಂ ಇನ್ನೂ ಅಲ್ಲೇ ಇದ್ದ, ಬಕೆಟ್ಟು ತೊಳೆಯುತ್ತ. ವಿಷಯ ತಿಳಿದವನೇ ಹಗ್ಗ ಬಿಚ್ಚಿದ.

“ಸೆಲ್ವಂ, ಗ್ರೌಟು…” ಅಂದೆ. ಯಾಕೆ ಅಂದೆನೋ.

“ಅಯ್ಯೋ, ಬನ್ನಿ ಸಾರ್. ಗ್ರೌಟು ತಿರ್ಗಾ ತುಂಬ್ಕಬೋದು. ಅಮ್ಮಾವ್ರನ್ನ ಬೀದೀಲಿ ನಿಲ್ಸಕ್ಕಾಯ್ತದಾ?” ಕೈ ಒರೆಸಿಕೊಂಡು ತಲೆಯ ಕಡೆ ಅವನೇ ಹಿಡಿದ.

ಅಮ್ಮನನ್ನು ನಡುಮನೆಯಲ್ಲಿ ಮಲಗಿಸಿದೆವು. ಸುದ್ದಿ ತಿಳಿದು ಜನ ಬಂದರು. ಬಸ್ಸಿನಲ್ಲಿ, ಬೈಕಿನಲ್ಲಿ, ಬೆಂಗಳೂರಿನ ರೈಲು ಇಳಿದು ನೇರವಾಗಿ. ಕೆಸರು ಕಾಲಿನವರು ಬಂದರು. ಯಾರೋ ದೀಪ ಹಚ್ಚುವಾಗ ಎಣ್ಣೆ ಚೆಲ್ಲಿದರು. ಅತ್ತೆಯೊಬ್ಬಳು ಬೆರಳುಗಳನ್ನು ಸಂದಿಗೆ ಒತ್ತಿ ಊರಿ ರೋದಿಸಿದಳು. ತಾಯಿಯ ಹೆಣದ ಪಕ್ಕ ಕೂತು ನಾನು ಜನರ ಮುಖ ನೋಡಲಿಲ್ಲ. ಕಾಲುಗಳನ್ನೇ ನೋಡುತ್ತಿದ್ದೆ, ಯಾರು ಯಾವ ಸಂದನ್ನು ತುಳಿದರೆಂದು. ದುಃಖಕ್ಕೆ ಘನತೆ ಇರುತ್ತದೆ ಎಂದು ನಾನೇ ತರಗತಿಯಲ್ಲಿ ಹೇಳಿದ್ದುಂಟು. ಆ ಸಂಜೆ ನನ್ನ ದುಃಖ ಸುಪರ್‌ವೈಸರ್ ಕೆಲಸ ಮಾಡುತ್ತಿತ್ತು.

ಮರುದಿನ ಕ್ಯಾಸಂಬಳ್ಳಿಯಲ್ಲಿ ಮಣ್ಣು ಮಾಡಿ ಬಂದೆವು. ಚಿಕ್ಕಪ್ಪ ಹೊಸ ಮನೆಯ ಅಂಗಳದಲ್ಲೇ ನಿಂತು ತೀರ್ಪು ಕೊಟ್ಟರು: “ಗೃಹಪ್ರವೇಶ ಆಗ್ದಿರೋ ಮನೇಗೆ ಹೆಣ ಬಂದೈತೆ. ಬೀಗ ಹಾಕು ಕಣ್ಲಾ. ಬಾಡಿಗೆ ಮನೇಲೇ ಇರಿ ಸ್ವಲ್ಪ ಕಾಲ.”

ಪದ್ಮ ಅವರ ಎದುರು ಎಂದೂ ದನಿ ಎತ್ತಿದವಳಲ್ಲ. “ಆ ಮೆಟ್ಲು ನಾನಿನ್ನು ಹತ್ತಲ್ಲ ಮಾವ,” ಅಂದಳು. “ಅತ್ತೆ ಮೊದ್ಲು ಬಂದವ್ರೆ ಈ ಮನೇಗೆ. ನಾವೂ ಬತ್ತೀವಿ.” ಚಿಕ್ಕಪ್ಪ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಟುಹೋದರು. ಇವತ್ತಿಗೂ ನಮ್ಮಲ್ಲಿ ಊಟ ಮಾಡುವುದಿಲ್ಲ.

ಹೊಸ ಮನೆಯಲ್ಲೇ ತಿಥಿ ಕಳೆದ ಮೇಲೆ ಸೆಲ್ವಂ ಬಂದ. ಗಟ್ಟಿಯಾಗಿದ್ದ ಗ್ರೌಟನ್ನು ಮೊನೆಯಾದ ಕಬ್ಬಿಣದಿಂದ ಕೆರೆದು ಕೆರೆದು ತೆಗೆದ. ಅಮ್ಮನ ತಲೆಯಿದ್ದ ಕಡೆ, ಎಣ್ಣೆಯ ಕಲೆಯ ಹತ್ತಿರ ಕೈ ನಿಲ್ಲಿಸಿ ಕೇಳಿದ, “ಇದೊಂದು ಇಂಗೇ ಬಿಡ್ಲಾ ಸಾರ್, ನೆನಪಿಗೆ?”

ಬಿಡು ಅನ್ನುವವನಿದ್ದೆ. ಅಷ್ಟರಲ್ಲಿ ಪದ್ಮ, “ಬೇಡಪ್ಪ, ತೆಗಿ. ನೆಲ ಗಲೀಜಾಗಿದ್ರೆ ಅವ್ರಿಗೆ ಆಗ್ತಿರ್ಲಿಲ್ಲ,” ಅಂದಳು. ಸೆಲ್ವಂ ತೆಗೆದ. ತೊಳೆದ, ಒಣಗಿಸಿದ, ಹೊಸದಾಗಿ ತುಂಬಿದ. ಮಾರನೆಯ ದಿನದವರೆಗೆ ನಾವು ಅಂಗಳದಲ್ಲೇ ಉಂಡೆವು.

ಆಮೇಲೆ ಸಾಮಾನು ತಂದೆವು. ಮುಹೂರ್ತ ಕೇಳಲಿಲ್ಲ, ಯಾರನ್ನೂ ಕರೆಯಲಿಲ್ಲ, ಶಾಸ್ತ್ರಕ್ಕೆಂದು ಹಾಲು ಉಕ್ಕಿಸಲೂ ಇಲ್ಲ. ಪೆಟ್ಟಿಗೆ ಇಳಿಸಿ ಸುಸ್ತಾಗಿದ್ದ ಪದ್ಮ ಕಾಫಿಗೆಂದು ಒಲೆಯ ಮೇಲೆ ಹಾಲಿಟ್ಟಳು. ಅಮ್ಮನ ಮಂಚ ಎಲ್ಲಿ ಹಾಕುವುದೆಂದು ತೋಚದೆ ಇಬ್ಬರೂ ನಡುಮನೆಯಲ್ಲಿ ನಿಂತು ಸುಮ್ಮನೆ ಅತ್ತೆವು. ಸೀದ ವಾಸನೆ ಬಂದು ಓಡಿಹೋಗಿ ನೋಡಿದರೆ, ಹಾಲು ತನ್ನಷ್ಟಕ್ಕೆ ತಾನೇ ಉಕ್ಕಿ ಒಲೆಯೆಲ್ಲ ಹರಿದಿತ್ತು.