ಒಳಜೇಬು

ಧಾರಾವಾಹಿ ಸ್ಟುಡಿಯೋದ ಬಟ್ಟೆ ಕೋಣೆಯಲ್ಲಿ ಹೊಲಿಗೆ ಮಾಡುವ ಅವಳನ್ನು ಎಲ್ಲರೂ ಟೈಲರಕ್ಕ ಎಂದೇ ಕರೆಯುತ್ತಿದ್ದರು. ಹನ್ನೊಂದು ವರ್ಷದಲ್ಲಿ ರಾಣಿಯಿಂದ ಹಿಡಿದು ಪೊಲೀಸಿನವರೆಗೆ ಎಲ್ಲರಿಗೂ ಹೊಲಿದಿದ್ದಳು. ಗುರುಗಳ ಪಾತ್ರ ಬಂದಾಗ ಮಾತ್ರ ಅವಳ ಕೈ ನಿಧಾನವಾಗುತ್ತಿತ್ತು. ಅವಳ ಅಪ್ಪನೇ ಒಂದು ಸಣ್ಣ ಪ್ರಾರ್ಥನಾ ಮಂದಿರದ ಗುರು. ಟಿವಿಯಲ್ಲಿ ಬರುವ ಗುರುಗಳೋ ಎರಡೇ ಬಗೆ: ಕೈ ಎತ್ತಿದರೆ ಬೆಳಕು ಸುರಿಸುವವರು, ಇಲ್ಲವೇ ಊರನ್ನೇ ನುಂಗಿ ನೀರು ಕುಡಿಯುವವರು. ಕಿತ್ತುಹೋದ ಚಪ್ಪಲಿಗೆ ಹೊಲಿಗೆ ಹಾಕಿಸುವ ಗುರು ಒಬ್ಬನೂ ಇಲ್ಲ.

ಈ ಸಲದವನು ಕಳ್ಳಗುರು. ಅವನ ಬಟ್ಟೆಯಾದರೂ ನಿಜವಾಗಿರಲಿ ಎಂದು ಅವಳು ಅಪ್ಪನ ನಿಲುವಂಗಿಯನ್ನೇ ಅಳತೆಗೆ ಇಟ್ಟುಕೊಂಡಳು. ಅಪ್ಪ ಕನ್ನಡಕ, ಪೆಪ್ಪರಮೆಂಟು ಇಡುವ ಎಡಗಡೆಯ ಒಳಜೇಬನ್ನೂ ಯಾರೂ ಕೇಳದೆಯೇ ಹೊಲಿದಳು.

ನಿರ್ದೇಶಕನ ಕಣ್ಣು ಅದರ ಮೇಲೆಯೇ ಬಿತ್ತು. "ಟೈಲರಕ್ಕ, ಒಳ್ಳೇ ಜೇಬು ಇಟ್ಟಿದ್ದೀರಲ್ಲ. ಕದ್ದ ಬೀಗದ ಕೈ ಇದರಲ್ಲೇ ಬಚ್ಚಿಡ್ತಾನೆ."

ಅಲ್ಲಿಂದ ಮುಂದೆ ಪ್ರತಿ ಕಂತಿನ ಕೊನೆಯಲ್ಲೂ ಕಳ್ಳಗುರು ಎಡ ಎದೆ ತಟ್ಟಿಕೊಂಡು ನಗತೊಡಗಿದ.

"ಏನ್ ಗುರುಗಳೇ, ಬೀಗದ ಕೈ ಜೋಪಾನವಾಗಿದೆಯಾ?" ಎಂದು ಬೀದಿಯ ಕ್ಷೌರಿಕ ಅಪ್ಪನನ್ನು ಕೇಳಿದ. ಅಪ್ಪನೂ ನಕ್ಕ. ಆದರೆ ಹದಿನಾರು ವರ್ಷದಿಂದ ವಾರಕ್ಕೆರಡು ಸಲ ರೋಗಿಗಳ ಪಕ್ಕ ಕೂತು ಬರುತ್ತಿದ್ದ ಆಸ್ಪತ್ರೆಯಲ್ಲಿ, ಕನ್ನಡಕಕ್ಕೆಂದು ಅವನು ಒಳಜೇಬಿಗೆ ಕೈ ಹಾಕಿದಾಗ, ರೋಗಿಯ ಮಗಳೊಬ್ಬಳು ತನ್ನ ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡಳು. ಅವತ್ತಿನಿಂದ ಅಪ್ಪ ಆಸ್ಪತ್ರೆಗೆ ಹೋಗಲಿಲ್ಲ. ಮಂಡಿನೋವು ಎಂದ. ನಿಜವಾದ ಕಾರಣ ಹೇಳಲು ಅವನಿಗೆ ಎರಡು ವಾರ ಬೇಕಾಯಿತು.

ಮರುದಿನವೇ ಅವಳು ನಿರ್ದೇಶಕನ ಮುಂದೆ ನಿಂತಳು. "ಆ ಜೇಬು ತೆಗೆದುಬಿಡ್ಲಾ ಸಾರ್?"

"ಈಗ ಕಿತ್ತರೆ ಬೀಗದ ಕೈ ಎಲ್ಲಿಡ್ಲಿ, ನನ್ನ ತಲೆ ಮೇಲಾ?" ಎಂದ ಅವನು. ಸುತ್ತಲಿದ್ದವರು ನಕ್ಕರು.

ಸಂಜೆ ಅವಳು ಅಪ್ಪನ ಮುಂದೆ ಎಲ್ಲ ಒಪ್ಪಿಕೊಂಡಳು. ಅಪ್ಪ ತನ್ನ ನಿಲುವಂಗಿಯನ್ನು ತಿರುಗಿಸಿ ನೋಡಿದ.

"ಅಳತೆ ಸರಿಯಾಗಿ ತಗೊಂಡಿದ್ಯಾ?"

"ಒಂದು ನೂಲೂ ಹೆಚ್ಚುಕಮ್ಮಿ ಇಲ್ಲಪ್ಪ."

"ಸುಳ್ಳು ಗುರುವಿಗೆ ಸುಳ್ಳು ಅಂಗಿ ಹೊಲೀಬೇಕಿತ್ತು ಕಣಮ್ಮ."

ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತು. "ಇದರ ಜೇಬಾದರೂ ತೆಗೀಲಾ?" ಎಂದಳು.

"ತೆಗೆದರೆ ಕನ್ನಡಕ ಎಲ್ಲಿಡ್ಲಿ? ಹೊರಗಡೆ ಹಾಕು. ಎಲ್ಲರಿಗೂ ಕಾಣ್ಲಿ."

ಹಳೆಯ ಒಳಜೇಬಿನ ಬಟ್ಟೆ ಸವೆದು ಜಾಳುಜಾಳಾಗಿತ್ತು. ನಿಲುವಂಗಿಗೆ ಹೊಂದುವ ಬಟ್ಟೆ ಮನೆಯಲ್ಲಿರಲಿಲ್ಲ. ಅದರ ಕೆಳಗಿನ ಅಂಚಿನಿಂದಲೇ ನಾಲ್ಕು ಬೆರಳಗಲ ಕತ್ತರಿಸಿ, ಎರಡು ತುಂಡು ಜೋಡಿಸಿ, ಎದೆಯ ಮೇಲೆ ಜೇಬು ಕೂರಿಸಿದಳು.

ಶುಕ್ರವಾರ ಅಪ್ಪ ಗಿಡ್ಡವಾದ ನಿಲುವಂಗಿಯಲ್ಲಿ ಕಣಕಾಲು ಕಾಣುವಂತೆ ಬೀದಿಗಿಳಿದ. ಅವಳು ಬಾಗಿಲಲ್ಲೇ ನಿಂತಳು.

"ಏನ್ ಗುರುಗಳೇ, ಜೇಬು ಹೊರಗೇ ಬಂದುಬಿಟ್ಟಿದೆ?" ಎಂದ ಕ್ಷೌರಿಕ.

ಅಪ್ಪ ಹತ್ತಿರ ಹೋಗಿ ಜೇಬಿನ ಬಾಯಿ ಅಗಲಿಸಿ ಹಿಡಿದ. "ಕೈ ಹಾಕಿ ನೋಡಪ್ಪ."

ಕ್ಷೌರಿಕ ಅತ್ತಿತ್ತ ನೋಡಿದ. ಸೋಪಿನ ಕೈಯನ್ನು ಹೆಗಲ ಮೇಲಿನ ಟವೆಲ್ಲಿಗೆ ಒರೆಸಿಕೊಂಡು, ಎರಡೇ ಬೆರಳಲ್ಲಿ ಒಂದು ಪೆಪ್ಪರಮೆಂಟು ತೆಗೆದ.

ಅಪ್ಪ ಬೀದಿಯ ಕೊನೆಯಲ್ಲಿ ಒಂದು ಗಳಿಗೆ ನಿಂತು, ಕನ್ನಡಕ ಹಾಕಿಕೊಂಡು, ಆಸ್ಪತ್ರೆಯ ಕಡೆಗೆ ತಿರುಗಿದ.